ಎರಡನೆಯ ಹೆಸರಿನಲ್ಲಿ ಊರು: ನಂಜನಗೂಡು–ತಿ. ನರಸೀಪುರ ಸೀಮೆಯಿಂದ ಒಂದು ಟಿಪ್ಪಣಿ

1. ಪ್ರಶ್ನೆ ಮತ್ತು ವ್ಯಾಪ್ತಿ

ಹುಟ್ಟಿದಾಗ ಇಟ್ಟ ಹೆಸರಿನ ಮೇಲೆ ಮನುಷ್ಯ ಇನ್ನೊಂದು ಹೆಸರು ಪಡೆಯುವುದು ಎಲ್ಲ ಕಾಲದಲ್ಲೂ ನಡೆದಿದೆ. ವಚನಕಾರರ ಅಂಕಿತ, ಕವಿಗಳ ಕಾವ್ಯನಾಮ, ಮಠದ ಪಟ್ಟದ ಹೆಸರು, ಸಿನಿಮಾ ನಟರ ತೆರೆಯ ಹೆಸರು, ಇಂದಿನ ಆಟಗಾರರು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳುವ ಹೆಸರು ಎಲ್ಲವೂ ಈ ಸಾಲಿಗೆ ಸೇರುತ್ತವೆ. ಇವನ್ನು ಒಟ್ಟಾಗಿ 'ಎರಡನೆಯ ಹೆಸರು' ಎಂದು ಕರೆದು, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕುವುದು ಈ ಟಿಪ್ಪಣಿಯ ಕ್ರಮ. ಹೆಸರನ್ನು ಇಟ್ಟವರು ಯಾರು? ಆ ಹೆಸರಿನಿಂದ ಕರೆಯುವವರು ಯಾರು? ಹಳೆಯ ಗುರುತಿನಲ್ಲಿ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು?

ಉದಾಹರಣೆಗಳನ್ನು ಮುಖ್ಯವಾಗಿ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಿಂದ ಆರಿಸಿಕೊಂಡಿದೆ. ಹೋಲಿಕೆಗೆ ಬೇಕಾದಲ್ಲಿ ಮಾತ್ರ ಹೊರಗಿನ ಕನ್ನಡ ಲೇಖಕರನ್ನೂ ಮೇಜಿನ ಮೇಲೆ ಆಡುವ ಪಾತ್ರಾಟಗಳನ್ನೂ ತಂದುಕೊಂಡಿದೆ. ನನ್ನ ವಾದ ಇಷ್ಟು: ಈ ಸೀಮೆಯಲ್ಲಿ ಎರಡನೆಯ ಹೆಸರು ಒಬ್ಬನೇ ಕುಳಿತು ಆರಿಸಿಕೊಂಡದ್ದಾಗಿರುವುದು ಕಡಿಮೆ. ಯಾರೇ ಇಡಲಿ, ಕರೆಯುವ ಜನ ಅದರೊಳಕ್ಕೆ ಊರನ್ನು ತಂದು ಸೇರಿಸುತ್ತಾರೆ.

2. ಮೇಜಿನ ಆಟದ ಹೆಸರುಗಳು

ಹೋಲಿಕೆಯ ಇನ್ನೊಂದು ಬದಿಯನ್ನು ಮೊದಲು ನೋಡೋಣ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಬೆಳೆಸುವ ಆಟ ಇದು. ಆಡುವವನು ಮೊದಲು ತನ್ನ ಪಾತ್ರಕ್ಕೆ ಹೆಸರಿಡಬೇಕು. ಆರಂಭದ ಆಟಗಾರರು ಇಟ್ಟ ಹೆಸರುಗಳಲ್ಲಿ ಕೆಲವು ಆಟದ ಪುಸ್ತಕಗಳಿಗೇ ಸೇರಿ ಪ್ರಸಿದ್ಧವಾದವು. ಗೈಗ್ಯಾಕ್ಸ್‌ನ ಮಗ ಅರ್ನೆಸ್ಟ್ ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿ 'ಟೆನ್ಸರ್' ಆದ. ಜಿಮ್ ವಾರ್ಡ್ ತನ್ನ ಹೆಸರನ್ನು ತಿರುವುಮುರುವು ಮಾಡಿ 'ಡ್ರಾಮಿಜ್' ಆದ. ಗೈಗ್ಯಾಕ್ಸ್‌ನ ಇನ್ನೊಬ್ಬ ಮಗನ ಪಾತ್ರಕ್ಕೆ 'ಮೆಲ್ಫ್' ಎಂಬ ಹೆಸರು ಬಂದದ್ದು ಪಾತ್ರದ ಹಾಳೆಯಿಂದ: ಗಂಡು ಎಂಬುದಕ್ಕೆ ಬರೆದ 'ಎಂ' ಅಕ್ಷರವೂ ಪಕ್ಕದಲ್ಲಿದ್ದ 'ಎಲ್ಫ್' ಎಂಬ ಕುಲದ ಹೆಸರೂ ಒಂದಾಗಿ ಹೋದವು.

ಈ ಮೂರೂ ಹೆಸರುಗಳು ಗೆಳೆಯರ ನಡುವಿನ ಒಗಟುಗಳು. ಮೇಜಿನ ಸುತ್ತ ಕುಳಿತವರಿಗೆ ಆಡುವವನ ಮುಖ, ಮನೆ, ತಂದೆ ಎಲ್ಲ ಗೊತ್ತು. ಹೆಸರು ಅವನ ಪರಿಚಯ ಹೇಳಬೇಕಾದ ಅಗತ್ಯವಿಲ್ಲ. ಹೀಗಾಗಿ ಇವರು ಆಡುತ್ತಿದ್ದ ಲೇಕ್ ಜಿನೀವಾ ಪಟ್ಟಣದ ಗುರುತು ಈ ಹೆಸರುಗಳಲ್ಲಿ ಎಲ್ಲೂ ಇಲ್ಲ.

ಆಟ ಗಣಕಕ್ಕೆ ಬಂದಾಗ ಪರಿಸ್ಥಿತಿ ಬದಲಾಯಿತು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಆಟದಲ್ಲಿ ಒಬ್ಬರಿಗೊಬ್ಬರು ಕಾಣಿಸುತ್ತಿದ್ದುದು ಹೆಸರಿನ ಮೂಲಕ ಮಾತ್ರ. 1988ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಐಆರ್‌ಸಿ ಹರಟೆ ವ್ಯವಸ್ಥೆಯಲ್ಲೂ ಹಾಗೆಯೇ. 1993ರಲ್ಲಿ ಬರೆದಿಟ್ಟ ಅದರ ನಿಯಮಾವಳಿ ಅಡ್ಡಹೆಸರಿಗೆ 9 ಅಕ್ಷರಗಳ ಮಿತಿ ಹಾಕಿತ್ತು. ಮುಖ ಕಾಣದ ಕಡೆ ಹೆಸರು ಎರಡರಲ್ಲಿ ಒಂದು ಕೆಲಸ ಮಾಡಬೇಕು: ಗುರುತು ಹೇಳಬೇಕು ಅಥವಾ ಗುರುತು ಮರೆಸಬೇಕು. ಕನ್ನಡದ ಹಾಡುಗಾರನೂ ಲೇಖಕನೂ ಮೊದಲಿಂದ ನಿಂತಿರುವುದು ಇಂಥ ಮುಖ ಕಾಣದ ಸಭೆಯ ಎದುರಿಗೇ.

3. ಅಂಕಿತ: ಹಾಡಿನೊಳಗೆ ಇಟ್ಟ ಊರು

ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಹೋಗುವ ಹಾಡಿನಲ್ಲಿ ಕರ್ತೃವಿನ ಹಕ್ಕು ನಿಲ್ಲುವುದು ಅಂಕಿತದಲ್ಲಿ. ಗಮನಿಸಬೇಕಾದದ್ದು, ಅಂಕಿತ ದೇವರ ಹೆಸರಾಗಿದ್ದರೂ ಎಷ್ಟೋ ಸಲ ಅದರಲ್ಲಿ ಒಂದು ಸ್ಥಳ ಇರುತ್ತದೆ. ಬಸವಣ್ಣನ 'ಕೂಡಲಸಂಗಮದೇವ'ನಲ್ಲಿ ಕೂಡಲಸಂಗಮವಿದೆ. ಕನಕದಾಸರ 'ಕಾಗಿನೆಲೆಯಾದಿಕೇಶವ'ನಲ್ಲಿ ಕಾಗಿನೆಲೆಯಿದೆ. ಅಲ್ಲಮಪ್ರಭುವಿನ 'ಗುಹೇಶ್ವರ'ದಂತೆ ಊರಿನ ಸುಳಿವು ಕೊಡದ ಅಂಕಿತಗಳೂ ಇವೆ. ದಾಸರಲ್ಲಿ 'ವಿಠಲ' ಎಂಬ ಉತ್ತರಪದ ಹಲವರಿಗೆ ಸಮಾನ, ಪೂರ್ವಪದ ಒಬ್ಬೊಬ್ಬರಿಗೆ ಬೇರೆ. ಅಂಕಿತವನ್ನು ಗುರುವಿನಿಂದ ಪಡೆಯಬೇಕೆಂಬುದು ಅಲ್ಲಿನ ಸಂಪ್ರದಾಯ. ಪುರಂದರದಾಸರಿಗೆ ವ್ಯಾಸರಾಯರಿಂದ ಬಂತೆಂದು ಹೇಳುವುದು ಇದೇ ಅರ್ಥದಲ್ಲಿ.

ತಿ. ನರಸೀಪುರದ ಉದಾಹರಣೆ ಇಪ್ಪತ್ತನೆಯ ಶತಮಾನದ್ದು. ಪಿಟೀಲು ವಿದ್ವಾಂಸ ಟಿ. ಚೌಡಯ್ಯ 1895ರಲ್ಲಿ ಹುಟ್ಟಿದ್ದು ಕಾವೇರಿ–ಕಪಿಲೆ ಕೂಡುವ ತಿರುಮಕೂಡಲಿನಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದು, ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಹಿಗ್ಗಿಸಿ ಹೆಸರಾದರು. ಅವರು ರಚಿಸಿದ ಕೃತಿಗಳ ಅಂಕಿತ 'ತ್ರಿಮಕುಟ'. ಅದು ಹುಟ್ಟೂರಿನ ಹೆಸರಿನದೇ ಸಂಸ್ಕೃತ ರೂಪ. ಚೌಡಯ್ಯನವರ ಹೆಸರಿನಲ್ಲಿ ಊರು ಹೀಗೆ ಎರಡು ಕಡೆ ಕುಳಿತಿದೆ: ಮೊದಲಿನ 'ಟಿ' ಅಕ್ಷರದಲ್ಲಿ ಒಮ್ಮೆ, ಕೃತಿಯ ಅಂಕಿತದಲ್ಲಿ ಇನ್ನೊಮ್ಮೆ. ಜನ ಇಟ್ಟ ಮೂರನೆಯ ಹೆಸರೂ ಇದೆ, 'ಪಿಟೀಲು ಚೌಡಯ್ಯ'. ಅದು ವಾದ್ಯದಿಂದ ಬಂದದ್ದು.

ಮೈಸೂರು ಆಸ್ಥಾನದ ಮಟ್ಟಿಗೆ ಇದು ಒಂಟಿ ಪ್ರಸಂಗವಲ್ಲ. ತಮಿಳು ನಾಡಿನ ಹರಿಕೇಶನಲ್ಲೂರಿನಿಂದ ಬಂದು ಇಲ್ಲಿ ಆಸ್ಥಾನ ವಿದ್ವಾಂಸರಾದ ಮುತ್ತಯ್ಯ ಭಾಗವತರು 'ಹರಿಕೇಶ' ಎಂಬ ಅಂಕಿತ ಇಟ್ಟುಕೊಂಡರು. ಮೈಸೂರು ವಾಸುದೇವಾಚಾರ್ಯರು ಮಾತ್ರ 'ವಾಸುದೇವ' ಎಂದು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅದು ದೇವರ ಹೆಸರೂ ಆದದ್ದರಿಂದ ಎರಡೂ ಕೆಲಸ ಒಂದರಲ್ಲೇ ಆಯಿತು. ಅವರ ಊರು ಹೆಸರಿನ ಮುಂದೆ ಮೊದಲೇ ಇತ್ತು.

4. ಕೊಟ್ಟ ಹೆಸರು, ಪರೀಕ್ಷೆಗೆ ಒಳಗಾದ ಹೆಸರು

ಈ ಸೀಮೆಯ ಮೌಖಿಕ ಮಹಾಕಾವ್ಯ ಮಂಟೇಸ್ವಾಮಿ. ಇದನ್ನು ನೀಲಗಾರರು ಹಾಡುತ್ತಾರೆ. ಅದರಲ್ಲಿ ಹೆಸರು ಬದಲಾಗುವ ಪ್ರಸಂಗ ಕಥೆಯ ನಡುಗಂಬವೇ ಆಗಿದೆ. ನಿಡುಗಟ್ಟದ ಪಾಂಚಾಳರ ಮನೆಯ ಮಗ ಕೆಂಪಾಚಾರಿ ಮನೆ ತೊರೆದು ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ದಪ್ಪಾಜಿಯಾಗುತ್ತಾನೆ. ಗುರು ಅವನನ್ನು ಹಲಗೂರಿಗೆ ಕಬ್ಬಿಣದ ಭಿಕ್ಷೆ ತರಲು ಕಳಿಸುತ್ತಾನೆ. ಅಲ್ಲಿ ಅವನನ್ನು ಕಾಡುವವರು ಅವನು ಬಿಟ್ಟು ಬಂದ ಕುಲದವರೇ ಆದ ಪಾಂಚಾಳರು. ಹೊಸ ಹೆಸರು ನಿಲ್ಲಬೇಕಾದರೆ ಹಳೆಯ ಹೆಸರಿನ ಜನರೆದುರು ನಿಲ್ಲಬೇಕು ಎಂಬುದು ಈ ಕಥೆಯ ತರ್ಕ. ಹೆಸರು ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ, ಆಮೇಲೆ ಅದಕ್ಕೆ ಪರೀಕ್ಷೆ ನಡೆಯುತ್ತದೆ. ಈ ಹೆಸರಿನಲ್ಲಿ ಕುಲ ಸೂಚಿಸುವ 'ಆಚಾರಿ' ಹೋಯಿತು, ನಿಡುಗಟ್ಟವೂ ಹೋಯಿತು. ಜನ ಮಾತ್ರ ಸುಮ್ಮನಿರಲಿಲ್ಲ. ಅವನು ನೆಲೆಸಿದ ಗದ್ದುಗೆಯ ಊರನ್ನು ತಂದು 'ಚಿಕ್ಕಲ್ಲೂರು ಸಿದ್ದಪ್ಪಾಜಿ' ಎಂದರು. ಪಕ್ಕದ ಇನ್ನೊಂದು ಮಹಾಕಾವ್ಯದ ನಾಯಕ ಮಲೆ ಮಾದೇಶ್ವರನಿಗೂ ಹೀಗೆಯೇ ಬೆಟ್ಟ ಹೆಸರಿನ ಮುಂದೆ ಬಂದು ನಿಂತಿದೆ.

ನಂಜನಗೂಡಿನ ಐತಿಹ್ಯವೊಂದರಲ್ಲಿ ದೇವರಿಗೂ ಎರಡನೆಯ ಹೆಸರು ಸಿಕ್ಕಿದೆ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ಶ್ರೀಕಂಠೇಶ್ವರನ ಸೇವೆಯಿಂದ ವಾಸಿಯಾಯಿತೆಂದೂ, ಸುಲ್ತಾನ ಪಚ್ಚೆಯ ಲಿಂಗ ಅರ್ಪಿಸಿ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂದೂ ಹೇಳುತ್ತಾರೆ. ಇಲ್ಲಿ ಹೆಸರು ಕೊಟ್ಟವನು ಅನ್ಯಮತದ ಅರಸ, ಉಳಿಸಿಕೊಂಡವರು ಊರಿನ ಜನ.

ಪಟ್ಟದ ಹೆಸರಿಗೆ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠ ಒಳ್ಳೆಯ ಉದಾಹರಣೆ. ಶಿವರಾತ್ರಿ ರಾಜೇಂದ್ರ ಸ್ವಾಮಿಗಳ ನಂತರ ಪೀಠಕ್ಕೆ ಬಂದ 24ನೆಯವರು ಶಿವರಾತ್ರಿ ದೇಶಿಕೇಂದ್ರ ಸ್ವಾಮಿಗಳು. ಮೊದಲ ಪದ ಪೀಠವನ್ನು ಹೇಳುತ್ತದೆ, ಎರಡನೆಯದು ವ್ಯಕ್ತಿಯನ್ನು. ದಾಸರ 'ವಿಠಲ' ಕೊನೆಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಮೊದಲ ಪದ ಮಾಡುತ್ತದೆ. ಮೊಬೈಲ್ ಆಟಗಳಲ್ಲಿ ಹುಡುಗರು ತಮ್ಮ ತಂಡದ ಹೆಸರನ್ನು ಮುಂದಿಟ್ಟು ಆಮೇಲೆ ತಮ್ಮ ಹೆಸರು ಬರೆಯುವುದರ ರಚನೆಯೂ ಇದೇ. ಗೌರವ, ಗಾಂಭೀರ್ಯಗಳಲ್ಲಿ ಎರಡಕ್ಕೂ ಸಂಬಂಧವಿಲ್ಲ. ಹೆಸರಿನಲ್ಲಿ ಬಳಗಕ್ಕೊಂದು ಭಾಗ, ವ್ಯಕ್ತಿಗೊಂದು ಭಾಗ ಎಂಬ ಹಂಚಿಕೆ ಮಾತ್ರ ಸಮಾನ.

5. ಪಾತ್ರ ಹಿಡಿದ ಹೆಸರು

ಪಾತ್ರ ವಹಿಸಿ ಆಡುವ ಆಟಕ್ಕೆ ಈ ಸೀಮೆಯಲ್ಲಿ ಅತಿ ಹತ್ತಿರದ್ದು ಹಳ್ಳಿಯ ಪೌರಾಣಿಕ ನಾಟಕ. ಕುರುಕ್ಷೇತ್ರ ನಾಟಕ ಕಟ್ಟುವಾಗ ಊರಿನವರು ಪಾತ್ರಕ್ಕೆ ಇಷ್ಟೆಂದು ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿಯುತ್ತಾರೆ. ನಾಟಕದ ಕರಪತ್ರ ಒಂದು ದಾಖಲೆ. ಒಂದು ಕಡೆ ಪಾತ್ರದ ಹೆಸರು, ಇನ್ನೊಂದು ಕಡೆ ಪಾತ್ರಧಾರಿಯದು. ಅದರ ಜೊತೆ ತಂದೆಯ ಹೆಸರೋ ಕಸುಬೋ ಮನೆತನವೋ ಇರುತ್ತದೆ. ಪಹಣಿಯಲ್ಲಿ 'ಬಿನ್' ಹಾಕಿ ತಂದೆಯ ಹೆಸರಿಂದ ಗುರುತಿಸುವ ಮನುಷ್ಯ ಇಲ್ಲಿ ದುರ್ಯೋಧನನ ಎದುರಿಗೆ ಅಚ್ಚಾಗುತ್ತಾನೆ. ಪಾತ್ರ ಚೆನ್ನಾಗಿ ಆಡಿದವನಿಗೆ ಆಮೇಲೂ ಅದೇ ಹೆಸರು ಅಂಟಿಕೊಳ್ಳುವುದುಂಟು. ಮೇಜಿನ ಆಟಗಾರ ಪಾತ್ರಕ್ಕೆ ಹೆಸರು ಕೊಡುತ್ತಾನೆ. ನಾಟಕದಲ್ಲಿ ಪಾತ್ರವೇ ಆಟಗಾರನಿಗೆ ಹೆಸರು ಕೊಡುತ್ತದೆ, ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ನೋಡಿದ ಜನ.

ರಂಗದಿಂದ ತೆರೆಗೆ ಹೋದವರಲ್ಲೂ ಇದೇ ನಡೆ. ಈ ಸೀಮೆಗೆ ತೆಂಕಲಲ್ಲಿ, ಇಂದು ತಮಿಳುನಾಡಿಗೆ ಸೇರಿರುವ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ, ಮುಖ್ಯಪಾತ್ರ ವಹಿಸಿದ 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಕಂಡಾಗ ರಾಜಕುಮಾರ್ ಆಗಿದ್ದರು. ಹೆಸರಿಟ್ಟವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಆ ಹೆಸರಿನಲ್ಲಿ ಊರಿಲ್ಲ. ಆದರೆ ಅಭಿಮಾನಿಗಳು ಗಾಜನೂರನ್ನು ಎಂದೂ ಕೈಬಿಡಲಿಲ್ಲ.

ತಿ. ನರಸೀಪುರ ತಾಲ್ಲೂಕಿನ ಮೂಗೂರು ನೃತ್ಯಕ್ಕೆ ಹೆಸರಾದ ಊರು. ಭರತನಾಟ್ಯದ ಮೈಸೂರು ಪರಂಪರೆಯಲ್ಲಿ ಮೂಗೂರಿನದು ಪ್ರತ್ಯೇಕ ಶಾಖೆ ಎನ್ನುವಷ್ಟು. ಸಿನಿಮಾ ನೃತ್ಯ ನಿರ್ದೇಶಕ ಮೂಗೂರು ಸುಂದರ್ ಕನ್ನಡಿಗರಿಗೆ ಊರಿನ ಹೆಸರಿನೊಂದಿಗೇ ಪರಿಚಿತರು. ಮದರಾಸಿನ ಚಿತ್ರರಂಗದಲ್ಲಿ ಅವರು 'ಸುಂದರಂ ಮಾಸ್ಟರ್'. ಅವರ ಮಕ್ಕಳು ರಾಜು ಸುಂದರಂ, ಪ್ರಭುದೇವ ಊರನ್ನು ಹೆಸರಿನಲ್ಲಿ ಇಟ್ಟುಕೊಳ್ಳಲಿಲ್ಲ. ಕರೆಯುವ ಸಭೆ ಬದಲಾದಾಗ ಊರು ಉದುರುತ್ತದೆ ಎಂಬುದಕ್ಕೆ ಒಂದೇ ಮನೆಯಲ್ಲಿ ಇಷ್ಟು ಸ್ಪಷ್ಟ ಸಾಕ್ಷಿ ಸಿಗುವುದು ಅಪರೂಪ.

6. ಕಾವ್ಯನಾಮ: ಲೇಖಕ ಇಟ್ಟದ್ದು, ಓದುಗ ಉಳಿಸಿದ್ದು

ಕನ್ನಡ ಕಾವ್ಯನಾಮಗಳನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಕುತೂಹಲದ ಸಂಗತಿ ಹೊರಡುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಆರಿಸಿಕೊಂಡ ಹೆಸರು 'ಶ್ರೀನಿವಾಸ'. ಓದುಗರು ಕರೆದದ್ದು ಅವರ ಊರಾದ 'ಮಾಸ್ತಿ' ಎಂದೇ. ಪುಟ್ಟಪ್ಪನವರು ಮೊದಲು 'ಕಿಶೋರಚಂದ್ರವಾಣಿ' ಎಂಬ ಹೆಸರಿನಲ್ಲಿ ಬರೆದರು. ನಿಂತದ್ದು 'ಕುವೆಂಪು'. ಅದರ ಮೊದಲ ಅಕ್ಷರ ಕುಪ್ಪಳಿ. ಅರಕಲಗೂಡು ಅನಕೃ ಅವರ 'ಅ'ದಲ್ಲಿದೆ, ತಳುಕು ತರಾಸು ಅವರ 'ತ'ದಲ್ಲಿದೆ, ದೇವನಹಳ್ಳಿ ಡಿವಿಜಿ ಅವರ 'ಡಿ'ಯಲ್ಲಿದೆ. ಅಕ್ಷರ ಮಡಚಿ ಹೆಸರು ಕಟ್ಟುವ ಉಪಾಯದಲ್ಲಿ ಟೆನ್ಸರ್, ಡ್ರಾಮಿಜ್‌ಗಳಿಗೂ ಕುವೆಂಪು, ಅನಕೃಗಳಿಗೂ ಸಾಮ್ಯವಿದೆ. ವ್ಯತ್ಯಾಸವೆಂದರೆ ಇಲ್ಲಿ ಮಡಿಕೆಯ ಮೊದಲ ಪದರದಲ್ಲಿ ಊರಿದೆ.

ಇದಕ್ಕೆ ಪ್ರಾದೇಶಿಕ ಕಾರಣವೊಂದಿದೆ. ಹಳೆಯ ಮೈಸೂರಿನಲ್ಲಿ ಹೆಸರಿನ ಹಿಂದೆ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ, ಮುಂದೆ ಊರು ಮತ್ತು ತಂದೆಯ ಮೊದಲಕ್ಷರ ಬರೆಯುವುದೇ ಹೆಚ್ಚು. ಧಾರವಾಡದ ಕಡೆ ಮನೆತನದ ಹೆಸರೇ ಗುರುತು. ಆದ್ದರಿಂದ ಬೇಂದ್ರೆ ತಾಯಿಯ ಹೆಸರು ಹಿಡಿದು 'ಅಂಬಿಕಾತನಯದತ್ತ' ಆದರೂ ಜನ ಅವರನ್ನು ಬೇಂದ್ರೆ ಎಂದೇ ಕರೆದರು. ಊರಿನ ಬಗೆಗಿನ ನನ್ನ ವಾದ ಈ ಕಾರಣಕ್ಕೆ ಹಳೆಯ ಮೈಸೂರಿಗೆ ಸೀಮಿತ. ಲೇಖಕ ಇಟ್ಟ ಹೆಸರನ್ನು ಓದುಗ ತಿದ್ದುತ್ತಾನೆಂಬ ಭಾಗ ಮಾತ್ರ ಎರಡು ಕಡೆಗೂ ಸಲ್ಲುತ್ತದೆ.

ಗುರುತು ಮರೆಸಲು ಹೆಸರು ಬೇಕಾದವರಲ್ಲಿ ಹೆಂಗಸರ ಪ್ರಸಂಗ ಮುಖ್ಯ. ಗೌರಮ್ಮ ತಮ್ಮ ಕಥೆಗಳಿಗೆ ಹಾಕಿದ ಸಹಿ 'ಮಿಸೆಸ್ ಬಿ.ಟಿ.ಜಿ. ಕೃಷ್ಣ', ಅಂದರೆ ಗಂಡನ ಹೆಸರು. 1939ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಓದುಗರು ಅವರನ್ನು 'ಕೊಡಗಿನ ಗೌರಮ್ಮ' ಎಂದು ಉಳಿಸಿಕೊಂಡರು. ಗಂಡನ ಹೆಸರು ಹೋಗಿ ಸೀಮೆಯ ಹೆಸರು ಬಂತು. ಅನಸೂಯಾ ಶಂಕರ್ 'ತ್ರಿವೇಣಿ'ಯಾದರು. ವೈದೇಹಿಯವರ ಹೆಸರು 'ಸುಧಾ' ಪತ್ರಿಕೆಗೆ ಕಳಿಸಿದ ಕಥೆಯೊಂದನ್ನು ಪ್ರಕಟಿಸುವಾಗ ಪತ್ರಿಕೆಯವರೇ ಇಟ್ಟದ್ದು. ಗುರುವಿನ ಜಾಗದಲ್ಲಿ ಇಲ್ಲಿ ಸಂಪಾದಕ ನಿಂತಿದ್ದಾನೆ.

ಇವರೆಲ್ಲರಿಗಿಂತ ಹಿಂದೆ ನಂಜನಗೂಡು ತಿರುಮಲಾಂಬ ಮರೆಯ ಹೆಸರಿನ ಸಹಾಯ ತೆಗೆದುಕೊಳ್ಳಲಿಲ್ಲ. 1887ರಲ್ಲಿ ಹುಟ್ಟಿ ಎಳವೆಯಲ್ಲೇ ವಿಧವೆಯಾದ ಅವರು 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಆರಂಭಿಸಿ, ಬರೆಯುವವರೂ ಪ್ರಕಟಿಸುವವರೂ ತಾವೇ ಆದರು. ಅವರ ಹೆಸರಿನಲ್ಲಿ ಗಂಡನಿಲ್ಲ, ಊರಿದೆ. ಅವರಿಗೂ ಎರಡು ಶತಮಾನ ಹಿಂದೆ, ನೆರೆಯ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಕೆಲಸದಿಂದ 'ಸಂಚಿಯ ಹೊನ್ನಮ್ಮ'ನಾಗಿದ್ದಳು. ಹೊನ್ನಮ್ಮನ ಗುರುತು ಅರಮನೆಯ ಊಳಿಗದ್ದು, ತಿರುಮಲಾಂಬ ಅವರದು ಊರಿನದು. ಯಾರ ಕೈಕೆಳಗೆ ಎಂಬ ಸೂಚನೆ ಅವರ ಹೆಸರಿನಲ್ಲಿ ಎಲ್ಲಿಯೂ ಇಲ್ಲ.

7. ಊರಿನ ಹೆಸರು ನಿರ್ದೋಷಿಯಲ್ಲ

ಊರಿನ ಹೆಸರು ಜಾತಿಯನ್ನು ಹೇಳುವುದಿಲ್ಲ. ಈ ಸೀಮೆಯಲ್ಲಿ ಅದೇನೂ ಸಣ್ಣ ಗುಣವಲ್ಲ. ಹೆಸರಿನ ಕೊನೆಯ ಪದದಿಂದ ಜಾತಿ ತಿಳಿಯುವ ಸಮಾಜದಲ್ಲಿ ಊರು ಎಲ್ಲ ಕೇರಿಯವರಿಗೂ ಸೇರಿದ ಪೂರ್ವಪದ. ನಂಜನಗೂಡು ತಾಲ್ಲೂಕಿನ ದೇವನೂರು ಹತ್ತೊಂಬತ್ತನೆಯ ಶತಮಾನದ ಗುರುಮಲ್ಲೇಶ್ವರರ ಊರು. 'ಒಡಲಾಳ', 'ಕುಸುಮಬಾಲೆ'ಗಳ ಲೇಖಕ ಮಹಾದೇವ ಅವರ ಊರೂ ಹೌದು. ಒಬ್ಬರು ಮಠದ ಗುರು, ಇನ್ನೊಬ್ಬರು ದಲಿತ ಲೇಖಕ. ಇಬ್ಬರ ಹೆಸರಿಗೂ ಮುಂದೆ ನಿಂತಿರುವುದು ಒಂದೇ ಊರು. 'ದೇವನೂರ ಮಹಾದೇವ' ಎಂಬ ಹೆಸರು ಊರನ್ನು ಲೇಖಕನೂ ತನ್ನದೆಂದು ಹೇಳಿಕೊಂಡಂತಿದೆ ಎಂದು ಓದಲು ಅವಕಾಶವಿದೆ. ಇದು ನನ್ನ ಓದು, ಲೇಖಕರ ಹೇಳಿಕೆಯಲ್ಲ.

ಆದರೆ ಊರಿನ ಹೆಸರಿಗೆ ಚರಿತ್ರೆಯೂ ಅಂಟುತ್ತದೆ. ಅದೇ ತಾಲ್ಲೂಕಿನ ಬದನವಾಳು ಮೈಸೂರು ಸಂಸ್ಥಾನದ ಕಾಲದ ಖಾದಿ ಕೇಂದ್ರದಿಂದ ಹೆಸರಾದ ಊರು. 1993ರಲ್ಲಿ, ದಲಿತರ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಆಮೇಲೆ ಕರ್ನಾಟಕದ ದಲಿತ ಚಳವಳಿಯ ಮಾತಿನಲ್ಲಿ 'ಬದನವಾಳು' ಎಂದರೆ ಆ ಘಟನೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಪಾಳುಬಿದ್ದ ಖಾದಿ ಕೇಂದ್ರದ ಆವರಣದಲ್ಲಿ ಸುಸ್ಥಿರ ಬದುಕಿನ ಹೆಸರಿನಲ್ಲಿ ಸತ್ಯಾಗ್ರಹ ಹೂಡಿದಾಗ ಅದೂ 'ಬದನವಾಳು ಸತ್ಯಾಗ್ರಹ'ವೆಂದೇ ಪ್ರಸಿದ್ಧವಾಯಿತು. ಒಂದೇ ಊರು ನೂಲಿಗೂ ಕೊಲೆಗೂ ಸತ್ಯಾಗ್ರಹಕ್ಕೂ ಹೆಸರಾಗಿದೆ. ಹೀಗೆ ಊರನ್ನು ಹೆಸರಿನಲ್ಲಿ ಹೊತ್ತವರು ಅದರ ಎಲ್ಲ ಲೆಕ್ಕವನ್ನೂ ಹೊರುತ್ತಾರೆ. ಟೆನ್ಸರ್ ಎಂಬ ಹೆಸರಿಗೆ ಈ ಭಾರವಿಲ್ಲ, ಈ ಆಧಾರವೂ ಇಲ್ಲ.

ಊರನ್ನೇ ಬಿಟ್ಟು ಆರಿಸಿಕೊಂಡ ಹೆಸರಿಗೂ ಇದೇ ಜಿಲ್ಲೆಯ ಉದಾಹರಣೆಯಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಸುಬ್ರಹ್ಮಣ್ಯರಾಜೇ ಅರಸ್ ಇಟ್ಟುಕೊಂಡದ್ದು 'ಚದುರಂಗ' ಎಂಬ ಆಟದ ಹೆಸರು. 'ಸರ್ವಮಂಗಳಾ', 'ವೈಶಾಖ' ಕಾದಂಬರಿಗಳು ಆ ಹೆಸರಿನಲ್ಲೇ ಬಂದವು. ಅರಮನೆಯ ನಂಟನ್ನು ಸಾರುವ 'ರಾಜೇ ಅರಸ್' ಆ ಹೆಸರಿನಲ್ಲಿ ಕಾಣುವುದಿಲ್ಲ. ಮೇಲಿನವರಿಗೂ ಹೆಸರು ಬಿಡಬೇಕಾದ ಸಂದರ್ಭಗಳಿವೆ ಎಂಬುದನ್ನು ಇದು ತೋರಿಸುತ್ತದೆ.

8. ತೀರ್ಮಾನ

ಮೇಲಿನ ಉದಾಹರಣೆಗಳಿಂದ ಮೂರು ಮಾತು ಹೇಳಬಹುದು. ಒಂದು, ಎರಡನೆಯ ಹೆಸರಿನ ರೂಪವನ್ನು ನಿರ್ಧರಿಸುವುದು ಆರಿಸುವವನ ರುಚಿಗಿಂತ ಹೆಚ್ಚಾಗಿ ಕರೆಯುವ ಸಭೆ. ಮುಖ ಬಲ್ಲ ಸಭೆಯಲ್ಲಿ ಹೆಸರು ಒಗಟಾಗಬಹುದು, ಮುಖ ಕಾಣದ ಸಭೆಯಲ್ಲಿ ಅದು ಗುರುತಾಗಬೇಕು ಅಥವಾ ಮರೆಯಾಗಬೇಕು. ಎರಡು, ನಂಜನಗೂಡು–ತಿ. ನರಸೀಪುರ ಸೀಮೆಯಲ್ಲಿ ಆ ಗುರುತಿನ ಕೆಲಸವನ್ನು ಊರು ಮಾಡಿದೆ. ಲೇಖಕಿ, ಸಂಗೀತಗಾರ, ನೃತ್ಯಗಾರ, ಮೌಖಿಕ ಕಾವ್ಯದ ನಾಯಕ ಎಲ್ಲರಲ್ಲೂ ಇದು ಕಾಣುತ್ತದೆ. ಮೂರು, ಹೆಸರಿನಲ್ಲಿ ಉಳಿದದ್ದರಷ್ಟೇ ಬಿಟ್ಟುಹೋದದ್ದೂ ಸಾಕ್ಷಿ. ಗಂಡನ ಹೆಸರು, ಜಾತಿಯ ಪದ, ಅರಸುತನದ ಬಿರುದು ಎಲ್ಲೆಲ್ಲಿ ಉದುರಿವೆ ಎಂದು ನೋಡಿದರೆ ಆ ಕಾಲದ ಒತ್ತಡಗಳು ತಿಳಿಯುತ್ತವೆ.

ಇದರಿಂದ ಹೊರಡುವ ಪ್ರಾಯೋಗಿಕ ಸಲಹೆಯೊಂದಿದೆ. ಗ್ರಂಥಾಲಯದ ಸೂಚಿಗಳೂ ಗಣಕದ ಅರ್ಜಿ ನಮೂನೆಗಳೂ ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕಕ್ಕೆ ಹಂಚುತ್ತವೆ. ಈ ಹಂಚಿಕೆಯಲ್ಲಿ ನಂಜನಗೂಡು ಒಬ್ಬ ಲೇಖಕಿಯ ಮೊದಲ ಹೆಸರಾಗುತ್ತದೆ, ಇಲ್ಲವೇ ಒಂದು ಇನಿಷಿಯಲ್ಲಿಗೆ ಕುಗ್ಗಿ ಕಳೆದುಹೋಗುತ್ತದೆ. ಈ ಸೀಮೆಯ ಲೇಖಕರು, ಕಲಾವಿದರು, ನಾಟಕದ ಪಾತ್ರಧಾರಿಗಳ ಹೆಸರನ್ನು ದಾಖಲಿಸುವವರು ಊರಿಗೆ ಪ್ರತ್ಯೇಕ ಕಲಂ ಇಡಬೇಕು. ಅದರ ಪಕ್ಕದಲ್ಲಿ ಹೆಸರಿಟ್ಟವರು ಯಾರು, ಕರೆದವರು ಯಾರು ಎಂಬ ಇನ್ನೆರಡು ಕಲಂಗಳೂ ಇರಲಿ. ಕೃತಿಕಾರರ ಕೋಶಗಳಿಂದ ಹಿಡಿದು ಜಾತ್ರೆಯ ನಾಟಕದ ಕರಪತ್ರದವರೆಗೆ ಈ ಒಂದೇ ಪಟ್ಟಿಯನ್ನು ಬಳಸಬಹುದು.